ಸ್ಕಾರ್ಬರೋದ ಹಕ್ಕಾ ಹೋಟೆಲ್: ಗೋಬಿಗೆ ಪೂರ್ತಿ ಮಾರ್ಕ್ಸ್, ಪಾರ್ಕಿಂಗಿಗೆ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ, ಟೊರಾಂಟೋ ಸುತ್ತಮುತ್ತ ನಾನು ತಿಂದ ಗೋಬಿ ಮಂಚೂರಿಗಳಲ್ಲಿ ಇದೇ ನಂಬರ್ ಒನ್. ಇಲ್ಲಿನ ಪಂಜಾಬಿ ಹೋಟೆಲುಗಳು, ನಮ್ಮ ದೋಸೆ ಹೋಟೆಲುಗಳು, ಭಾನುವಾರದ ಬಫೆಗಳು, ಯಾವುದೂ ಇದರ ಹತ್ತಿರ ಬರುವುದಿಲ್ಲ. ಮಾಡುವವರು ಚೀನಿಯರು. ಕಲ್ಕತ್ತಾದಲ್ಲಿ ಹುಟ್ಟಿ ಬೆಳೆದ, ಹಕ್ಕಾ ಅನ್ನುವ ಪಂಗಡದ ಚೀನಿಯರು.

ಹೋಟೆಲಿನ ಹೆಸರು ಬರೆಯುತ್ತಿಲ್ಲ. ಹೊಗಳಿಕೆಯ ಜೊತೆ ದೂರುಗಳೂ ಇವೆ, ಮಾಲೀಕರ ಮನೆ ಮಾತೂ ಸ್ವಲ್ಪ ಬರುತ್ತದೆ. ಟೊರಾಂಟೋದ ಪೂರ್ವಭಾಗ ಸ್ಕಾರ್ಬರೋದ ಒಂದು ಪ್ಲಾಜಾದ ಮೂಲೆಯಲ್ಲಿದೆ. ಒಂದು ಕಡೆ ಲಾಂಡ್ರಿ, ಇನ್ನೊಂದು ಕಡೆ ಊರಿಗೆ ದುಡ್ಡು ಕಳಿಸುವ ಅಂಗಡಿ. ಇಂಥ ಹೋಟೆಲುಗಳು ಸ್ಕಾರ್ಬರೋ, ಮಿಸ್ಸಿಸಾಗಾ, ಬ್ರ್ಯಾಂಪ್ಟನ್ ತುಂಬಾ ಇವೆ. ಬೋರ್ಡಿನಲ್ಲಿ 'ಹಕ್ಕಾ' ಅಂತ ಇದ್ದು ಪಕ್ಕದಲ್ಲೇ 'ಹಲಾಲ್' ಅಂತ ಇದ್ದರೆ ಇದೇ ಜಾತಿ. ಡೌನ್‌ಟೌನಿನ ಎಲಿಜಬೆತ್ ಸ್ಟ್ರೀಟಿನಲ್ಲಿರುವ ಯುಯೆ ಟಂಗ್ 1986ರಿಂದ ಇದೇ ಊಟ ಹಾಕುತ್ತಿದೆ. ಆಫೀಸಿನ ಜನ ಅಲ್ಲಿ ಚಿಲ್ಲಿ ಚಿಕನ್‌ಗೆ ಸಾಲು ನಿಲ್ಲುತ್ತಾರೆ. ಊರಿನಿಂದ ಹೊಸದಾಗಿ ಬಂದವರಿಗೆ ನಾನು ಹೇಳುವುದು ಇಷ್ಟೇ: ಚೀನಾದ ಊಟ ಬೇಕಾದರೆ ಚೀನಿಯರು ಹೆಚ್ಚಾಗಿರುವ ಪಕ್ಕದ ಊರು ಮಾರ್ಕಂಗೆ ಹೋಗಿ, ಊರಿನ ಚೈನೀಸ್ ಬೇಕಾದರೆ ಹಕ್ಕಾ ಬೋರ್ಡ್ ಹುಡುಕಿ.

ಗೋಬಿಗೆ ಬರೋಣ. ನಾನು ತುಮಕೂರಿನವಳು. ಗೋಬಿ ಅಂದರೆ ನನಗೆ ಸಂಜೆಯ ತಳ್ಳುಗಾಡಿ, ಕೈಗೆ ಹತ್ತುವ ಕೆಂಪು, ಮೇಲೆ ಹಸಿ ಈರುಳ್ಳಿ, ಚುಚ್ಚಿಕೊಳ್ಳಲು ಒಂದು ಕಡ್ಡಿ. ಕೊನೆಯಲ್ಲಿ "ಅಣ್ಣಾ, ಸ್ವಲ್ಪ ಗ್ರೇವಿ" ಅಂತ ತಟ್ಟೆ ಚಾಚುವುದು. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿದಾಗ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನ ಅದೇ ಸುದ್ದಿ. ಬಣ್ಣ ಇಲ್ಲದಿದ್ದರೆ ಅದೆಂಥ ಗೋಬಿ ಅಂತ ನನ್ನ ತಮ್ಮನ ವಾದ.

ಅವನನ್ನು ಇಲ್ಲಿಗೆ ಕರೆತಂದು ಕೂರಿಸಬೇಕು. ಇವರ ಗೋಬಿಯಲ್ಲಿ ಕೆಂಪು ಇಲ್ಲವೇ ಇಲ್ಲ. ಗಾಢ ಕಂದು. ಹೂಕೋಸನ್ನು ದೊಡ್ಡದಾಗಿಯೇ ಬಿಡಿಸುತ್ತಾರೆ, ದಂಟಿನ ಕಡೆ ಮಾತ್ರ ಸೀಳಿರುತ್ತಾರೆ. ಹಾಗಾಗಿ ದಂಟು ಬೇಯುತ್ತದೆ, ಹೂವು ಮುದ್ದೆಯಾಗುವುದಿಲ್ಲ. ಹಿಟ್ಟು ತೆಳು. ನಮ್ಮ ಗಾಡಿಗಳಲ್ಲಿ ಎಷ್ಟೋ ಸಲ ಕೋಸಿಗಿಂತ ಹಿಟ್ಟೇ ಜಾಸ್ತಿ ಇರುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಎರಡು ಸಲ ಕರಿಯುತ್ತಾರೆ: ಮೊದಲು ಬೇಯುವಷ್ಟು, ಆರ್ಡರ್ ಬಂದ ಮೇಲೆ ಗರಿ ಆಗುವಷ್ಟು. ಆಮೇಲೆ ಬಾಣಲೆಯಲ್ಲಿ ಒರಟಾಗಿ ಹೆಚ್ಚಿದ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಸೋಯಾ ಸಾಸ್, ಕರಗಿಸಿದ ಕಾರ್ನ್ ಫ್ಲೋರ್. ಸಾಸು ಕೋಸಿಗೆ ಅಂಟುವಷ್ಟೇ ಇರುತ್ತದೆ, ತಟ್ಟೆಯ ತಳದಲ್ಲಿ ನಿಲ್ಲುವುದಿಲ್ಲ. ಈರುಳ್ಳಿ ಸೊಪ್ಪನ್ನು ಒಲೆ ಆರಿಸಿದ ಮೇಲೆ ಉದುರಿಸುತ್ತಾರೆ, ಅದಕ್ಕೇ ಹಸಿರು ಹಾಗೇ ಉಳಿದಿರುತ್ತದೆ. ಕಚ್ಚಿದಾಗ ಮೊದಲು ಬೆಳ್ಳುಳ್ಳಿ ಸಿಗುತ್ತದೆ, ಖಾರ ಆಮೇಲೆ ಹಿಂದಿನಿಂದ ಬರುತ್ತದೆ. ಟೊಮೇಟೊ ಕೆಚಪ್ಪಿನ ಸಿಹಿ ಒಂಚೂರೂ ಇಲ್ಲ. ನನಗೆ ಅದೇ ದೊಡ್ಡ ಸಮಾಧಾನ.

ಒಂದೇ ಷರತ್ತು, ಬಂದ ತಕ್ಷಣ ತಿನ್ನಬೇಕು. ಹತ್ತು ನಿಮಿಷ ಫೋನ್ ನೋಡುತ್ತಾ ಕೂತರೆ ಮೆತ್ತಗಾಗುತ್ತದೆ. ಡೆಲಿವರಿ ಆಪ್‌ನಲ್ಲಿ ತರಿಸಲೇಬೇಡಿ. ಮುಚ್ಚಿದ ಡಬ್ಬಿಯ ಹಬೆಯಲ್ಲಿ ಎರಡು ಸಲ ಕರಿದ ಶ್ರಮವೆಲ್ಲ ನೀರಲ್ಲಿ ಹೋಮ.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಅಮ್ಮ ಪಕ್ಕಾ ಸಸ್ಯಾಹಾರಿ. ಒಳಗೆ ಕಾಲಿಟ್ಟ ಕೂಡಲೇ ಗೋಡೆಯ ಮೇಲಿನ ಕೋಳಿ, ಸಿಗಡಿ ಚಿತ್ರ ನೋಡಿ ಮುಖ ಸಣ್ಣ ಮಾಡಿಕೊಂಡರು. ಕೌಂಟರಿನಲ್ಲಿದ್ದ ಅಂಕಲ್‌ಗೆ ಎಪ್ಪತ್ತರ ಹತ್ತಿರ ಇರಬೇಕು. ಅವರು ಅಮ್ಮನನ್ನು ನೋಡಿದರು, ಹಣೆಯ ಕುಂಕುಮ ನೋಡಿದರು, ನಾವು ಕೇಳುವ ಮೊದಲೇ ಹಿಂದಿಯಲ್ಲಿ ಶುರು ಮಾಡಿದರು. "ಮಾತಾಜಿ, ವೆಜ್‌ಗೆ ಬಾಣಲೆ ಬೇರೆ, ಎಣ್ಣೆ ಬೇರೆ. ನೂಡಲ್ಸ್‌ಗೆ ಮೊಟ್ಟೆ ಬೇಡ ತಾನೆ? ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತಾ?" ಅಮ್ಮ ನನ್ನ ಕಡೆ ತಿರುಗಿ, "ಇವರಿಗೆ ಇದೆಲ್ಲಾ ಹೇಗೆ ಗೊತ್ತೇ?" ಅಂದರು. ನಾನು ಅದನ್ನೇ ಅಂಕಲ್‌ಗೆ ಹಿಂದಿಯಲ್ಲಿ ಹೇಳಿದೆ. ಅವರು ನಕ್ಕರು. "ಕಲ್ಕತ್ತಾದಲ್ಲಿ ಮಾರ್ವಾಡಿಗಳಿಗೆ ಊಟ ಹಾಕಿ ಪಾಸಾದವರು ನಾವು. ಕೆನಡಾ ಏನು ಮಹಾ."

ಈ ಮಾತಿನಲ್ಲೇ ಹೋಟೆಲಿನ ಗುಟ್ಟೆಲ್ಲ ಇದೆ ಅನ್ನಿಸುತ್ತದೆ. ಇವರ ನಿಜವಾದ ಬಂಡವಾಳ ಸೋಯಾ ಸಾಸ್ ಅಲ್ಲ, ಗಿರಾಕಿಯನ್ನು ಓದುವ ಕಣ್ಣು. ಅದು ಎಲ್ಲಿಂದ ಬಂತು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬರೀ ಊಟದ ವಿಷಯ ಬೇಕಾದವರು ಕೆಳಗಿನ ದೂರುಗಳಿಗೆ ಹಾರಬಹುದು.

ಅಂಕಲ್ ಮನೆತನದ ಮೂಲ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಮೇಶಿಯನ್. ಕಲ್ಕತ್ತಾದ ಹಕ್ಕಾ ಜನರಲ್ಲಿ ಹೆಚ್ಚಿನವರು ಆ ಕಡೆಯವರೇ. ಅಲ್ಲಿಗೆ ಬಂದ ಚೀನಿಯರಲ್ಲಿ ಒಬ್ಬೊಬ್ಬರದು ಒಂದೊಂದು ಕಸುಬು. ಕ್ಯಾಂಟನ್ ಕಡೆಯವರು ಬಡಗಿಗಳು, ಹುಬೇ ಕಡೆಯವರು ಹಲ್ಲು ಕಟ್ಟುವವರು, ಹಕ್ಕಾಗಳು ಚಪ್ಪಲಿ ಮತ್ತು ಚರ್ಮ. ಊರಿನ ಪೂರ್ವದ ಅಂಚಿನಲ್ಲಿದ್ದ ಜೌಗು ಜಾಗ ಟ್ಯಾಂಗ್ರಾ ಇವರ ಟ್ಯಾನರಿಗಳಿಂದ ತುಂಬಿತು. ಚರ್ಮ ಹದ ಮಾಡುವ ಕೆಲಸಕ್ಕೆ ನಮ್ಮ ಮೇಲ್ಜಾತಿಯವರು ಯಾರೂ ಕೈ ಹಾಕುತ್ತಿರಲಿಲ್ಲ. ಅದನ್ನು ನಾವು ಕೀಳು ಅಂದೆವು, ಇವರು ಅದರಲ್ಲಿ ವ್ಯಾಪಾರ ಕಂಡರು. ಕೆಳಗೆ ಟ್ಯಾನರಿ, ಮೇಲೆ ಮನೆ. ಚರ್ಮದ ವಾಸನೆ ತಮಗೆ ಎಂದೂ ಗೊತ್ತೇ ಆಗಲಿಲ್ಲ, ಬಂದ ನೆಂಟರು ಮೂಗು ಮುಚ್ಚಿಕೊಂಡಾಗಲೇ ಗೊತ್ತಾಗುತ್ತಿತ್ತು ಅಂತ ಅಂಕಲ್ ಹೇಳುತ್ತಾರೆ.

ಆಮೇಲೆ 1962. ಗಡಿಯಲ್ಲಿ ಯುದ್ಧ ಶುರುವಾಯಿತು. ಚೀನಿ ಮುಖದ ಭಾರತೀಯರನ್ನು, ಸುಮಾರು 3,000 ಮಂದಿಯನ್ನು, ರಾಜಸ್ಥಾನದ ಡಿಯೋಲಿ ಕ್ಯಾಂಪಿಗೆ ತುಂಬಿದರು. ಅಸ್ಸಾಂ, ಡಾರ್ಜಿಲಿಂಗ್ ಕಡೆಯವರೇ ಜಾಸ್ತಿ. ಕೆಲವರು ವರ್ಷಗಟ್ಟಲೆ ಅಲ್ಲೇ ಇದ್ದರು. ಯುದ್ಧ ನಡೆದದ್ದು ಒಂದು ತಿಂಗಳು. ಅಂಕಲ್ ಮನೆಯವರನ್ನು ಹಿಡಿದೊಯ್ಯಲಿಲ್ಲ. ಆದರೆ ಅವರ ಅಪ್ಪ ಊರು ಬಿಟ್ಟು ಹೋಗಬೇಕಾದರೆ ಪೊಲೀಸ್ ಸ್ಟೇಷನ್ನಿನಲ್ಲಿ ಪರ್ಮಿಷನ್ ಕೇಳಬೇಕಿತ್ತು. ಚರ್ಮದ ವ್ಯಾಪಾರಕ್ಕೆ ಮದ್ರಾಸಿಗೆ ಹೋಗುವ ಮನುಷ್ಯ, ಪ್ರತಿ ಸಲ ಚೀಟಿ. ಇದನ್ನು ಹೇಳುವಾಗ ಅಂಕಲ್ ಬಿಲ್ಲು ಬರೆಯುತ್ತಲೇ ಇದ್ದರು, ದನಿ ಏರಲಿಲ್ಲ, ಇಳಿಯಲಿಲ್ಲ. ನಮ್ಮ ಶಾಲೆಯ ಚರಿತ್ರೆ ಪುಸ್ತಕದಲ್ಲಿ ಈ ಯುದ್ಧ ಇತ್ತು. ಡಿಯೋಲಿ ಇತ್ತು ಅಂತ ನನಗೆ ನೆನಪಿಲ್ಲ.

ಕೆನಡಾ ಒಂದು ಕಾಲದಲ್ಲಿ ಚೀನಿಯರನ್ನು ಒಳಗೇ ಬಿಡುತ್ತಿರಲಿಲ್ಲ. 1923ರಿಂದ 1947ರವರೆಗೆ ಹಾಗೆ ಕಾನೂನೇ ಇತ್ತು. 1967ರಲ್ಲಿ ಅಂಕಗಳ ಪದ್ಧತಿ ಬಂತು. ಹುಟ್ಟಿದ ದೇಶ ನೋಡದೆ ಓದು, ಕೆಲಸ, ವಯಸ್ಸು ನೋಡಿ ಬಿಡಲು ಶುರು ಮಾಡಿದರು. ಅಲ್ಲಿಂದ ಟ್ಯಾಂಗ್ರಾದ ಮನೆಗಳಿಂದ ಒಬ್ಬೊಬ್ಬರೇ ಟೊರಾಂಟೋ ಕಡೆ ಹೊರಟರು. ಅಂಕಲ್‌ನ ಚಿಕ್ಕಪ್ಪ ಮೊದಲು, ಹಿಂದೆ ಅಣ್ಣ, ಆಮೇಲೆ ಇವರು. 1996ರಲ್ಲಿ ಸುಪ್ರೀಂ ಕೋರ್ಟು ಟ್ಯಾಂಗ್ರಾದ ಟ್ಯಾನರಿಗಳನ್ನು ಊರಿನಾಚೆ ಬಂತಲಾಕ್ಕೆ ಸಾಗಿಸಲು ಹೇಳಿತು. ಗಂಗೆಗೆ ಹೋಗುವ ಹೊಲಸಿನ ಕೇಸು ಅದು. ಅಷ್ಟರಲ್ಲಿ ಅಲ್ಲಿ ಉಳಿದವರಲ್ಲಿ ಎಷ್ಟೋ ಜನ ಟ್ಯಾನರಿಯ ಷೆಡ್ಡನ್ನೇ ಹೋಟೆಲು ಮಾಡಿಕೊಂಡಿದ್ದರು. ಇವತ್ತು ಟ್ಯಾಂಗ್ರಾ ಅಂದರೆ ಜನಕ್ಕೆ ಚರ್ಮ ನೆನಪಾಗುವುದಿಲ್ಲ, ಚಿಲ್ಲಿ ಚಿಕನ್ ನೆನಪಾಗುತ್ತದೆ. ಅಲ್ಲಿನ ಕಾಳಿ ಗುಡಿಯಲ್ಲಿ ನೂಡಲ್ಸ್ ಪ್ರಸಾದ ಕೊಡುತ್ತಾರೆ. ಅಮ್ಮನಿಗೆ ಇದನ್ನು ಹೇಳಿದಾಗ, "ಮೊಟ್ಟೆ ಹಾಕದೇ ಇದ್ದರೆ ಸರಿ" ಅಂದರು.

ಇಲ್ಲಿಗೆ ಬಂದ ಮೇಲೆ ನಡೆದದ್ದೇ ಮಜಾ. ಅಂಕಲ್ ಮೊದಲು ತೆಗೆದದ್ದು ಕೆನಡಾದವರ ಚೈನೀಸ್ ಹೋಟೆಲು. ಎಗ್ ರೋಲ್, ಹಿಟ್ಟಿನಲ್ಲಿ ಮುಳುಗಿಸಿದ ಚಿಕನ್ ಬಾಲ್, ಮೇಲೆ ಕೆಂಪು ಸಿಹಿ ಸಾಸು. ಅದು ಕುಂಟುತ್ತಲೇ ಇತ್ತು. ಆಗ ಸ್ಕಾರ್ಬರೋಗೆ ಗುಜರಾತಿಗಳು, ಕರಾಚಿಯವರು, ಗಯಾನದ ಭಾರತೀಯರು, ಜಾಫ್ನಾ ತಮಿಳರು ಬಂದು ತುಂಬಿದರು. ಯಾರೋ ಒಬ್ಬರು ಬಂದು "ಚಿಲ್ಲಿ ಚಿಕನ್ ಮಾಡಲ್ವಾ?" ಅಂತ ಕೇಳಿದರಂತೆ. ಅಂಕಲ್ ತಮಗೆ ಅಂತ ಮನೆಯಲ್ಲಿ ಮಾಡಿಕೊಳ್ಳುತ್ತಿದ್ದುದನ್ನು ಮೆನುಗೆ ಹಾಕಿದರು. ಚಿಕನ್ ಬಾಲ್ ಹೋಯಿತು. ಹಲಾಲ್ ಬೋರ್ಡು ಬಂತು, ಹಂದಿ ಮಾಂಸ ಅಡುಗೆಮನೆಯಿಂದ ಹೊರಗೆ ಹೋಯಿತು. ಚೀನಿಯರ ಹೋಟೆಲಿನಲ್ಲಿ ಹಂದಿ ಇಲ್ಲ ಅಂದರೆ ಎಂಥ ಲೆಕ್ಕಾಚಾರ ನೋಡಿ! ಮೆನುವಿನಲ್ಲಿ ಚಿಕನ್ ಪಕೋಡಾ ಇದೆ, ಪನೀರ್ ಇದೆ. ಕಲ್ಕತ್ತಾ ಬಿಟ್ಟು ಬಂದ ವ್ಯಾಪಾರಿಗಳನ್ನು ಹುಡುಕಿಕೊಂಡು ಹಳೇ ಗಿರಾಕಿಗಳೇ ಅರ್ಧ ಭೂಮಿ ದಾಟಿ ಬಂದಂತಾಯಿತು.

ಒಲೆ ಮುಂದೆ ನಿಂತಿರುವುದು ಈಗ ಜಾಫ್ನಾದ ಒಬ್ಬ ತಮಿಳರು. ಅಂಕಲ್ ಅವರಿಗೆ ಕಲಿಸಿದ್ದಾರೆ. ಒಳಗೆ ಹೆಂಡತಿಯ ಹತ್ತಿರ ಹಕ್ಕಾ, ಕೌಂಟರಿನಲ್ಲಿ ನಮ್ಮ ಹತ್ತಿರ ಹಿಂದಿ, ಢಾಕಾದವರು ಬಂದರೆ ಬಂಗಾಳಿ. ಒಂದು ಸಲ ನನ್ನ ಆಫೀಸಿನ ಗೆಳತಿಯನ್ನು ಕರೆದೊಯ್ದಿದ್ದೆ. ಅವಳ ಮನೆಯವರು 1997ರಲ್ಲಿ ಹಾಂಗ್‌ಕಾಂಗ್ ಚೀನಾದ ಕೈಗೆ ಹೋಗುವ ಸ್ವಲ್ಪ ಮುಂಚೆ ಅಲ್ಲಿಂದ ಬಂದವರು, ಮಾರ್ಕಂನಲ್ಲಿರುತ್ತಾರೆ. ಚಿಲ್ಲಿ ಚಿಕನ್ ತಿಂದು, "ಚೆನ್ನಾಗಿದೆ, ಆದರೆ ಇದು ಯಾವ ದೇಶದ್ದು?" ಅಂತ ನನ್ನನ್ನೇ ಕೇಳಿದಳು. ಅವಳಿಗೆ ಹಕ್ಕಾ ಬರುವುದಿಲ್ಲ, ಅಂಕಲ್‌ಗೆ ಕ್ಯಾಂಟನೀಸ್ ಅಷ್ಟಕ್ಕಷ್ಟೇ. ಕೊನೆಗೆ ಇಬ್ಬರು ಚೀನಿಯರು ಇಂಗ್ಲಿಷ್‌ನಲ್ಲಿ ಮಾತಾಡಿದರು, ನಾನು ಅಂಕಲ್ ಹತ್ತಿರ ಹಿಂದಿಯಲ್ಲಿ ಬಿಲ್ಲು ಕೇಳಿದೆ. ಹೊರದೇಶದ ಚೀನಿ ವ್ಯಾಪಾರಿಗಳೆಲ್ಲ ಒಂದೇ ಬಳಗ, ಒಬ್ಬರಿಗೊಬ್ಬರು ಗುಟ್ಟಾಗಿ ಕೈ ಹಿಡಿಯುತ್ತಾರೆ ಅಂತ ಬರೆಯುವವರು ಒಂದು ಮಧ್ಯಾಹ್ನ ಈ ಹೋಟೆಲಿಗೆ ಬಂದು ಕೂರಬೇಕು. ಮಾರ್ಕಂನಲ್ಲಿ ಪೆಸಿಫಿಕ್ ಮಾಲ್ ಅನ್ನುವ ದೊಡ್ಡ ಚೀನಿ ಮಾಲ್ ಎಬ್ಬಿಸಿದ ದುಡ್ಡೇ ಬೇರೆ, ಟ್ಯಾಂಗ್ರಾದಿಂದ ಸೂಟ್‌ಕೇಸ್ ಹಿಡಿದು ಬಂದ ದುಡ್ಡೇ ಬೇರೆ. ಅಂಕಲ್‌ಗೆ ಆಗಿಬಂದದ್ದು ಅವರ ಮನೆಯ ಚಿಕ್ಕಪ್ಪ, ಅಣ್ಣ. ಆ ಅಣ್ಣನದೂ ಮಿಸ್ಸಿಸಾಗಾದಲ್ಲಿ ಇನ್ನೊಂದು ಹೋಟೆಲು, ಮೆನು ಹೆಚ್ಚುಕಮ್ಮಿ ಇದೇ. ಪಾರ್ಟ್ನರ್‌ಶಿಪ್ ಯಾಕಿಲ್ಲ ಅಂತ ಕೇಳಿದ್ದಕ್ಕೆ "ಒಟ್ಟಿಗೆ ಊಟ ಮಾಡಬಹುದು, ಒಟ್ಟಿಗೆ ಗಲ್ಲಾ ಬೇಡ" ಅಂದರು.

ಮಂಚೂರಿಯ ಹುಟ್ಟಿನ ಕಥೆಯೂ ಇದೇ ಜನರದು. ಕಲ್ಕತ್ತಾದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ ಮೊದಲ ಚಿಕನ್ ಮಂಚೂರಿ ಮಾಡಿದರು ಅನ್ನುತ್ತಾರೆ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ನಮ್ಮ ಒಗ್ಗರಣೆ. ಗರಂ ಮಸಾಲೆ ಬೀಳಬೇಕಾದ ಹೊತ್ತಿಗೆ ಸೋಯಾ ಸಾಸ್. ಕೋಳಿಯ ಜಾಗಕ್ಕೆ ಕೋಸು ಬಂದದ್ದು ಆಮೇಲೆ. ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಚಿಂಗ್ಸ್ ಮಸಾಲೆ ಪುಡಿ ಸಿಗುತ್ತದೆ. ಹೆಸರು ಚೀನಿ, ಕಂಪನಿ ಮುಂಬೈಯದು, 2024ರಲ್ಲಿ ಟಾಟಾದವರು ಕೊಂಡರು. ಮನೆಯಲ್ಲಿ ಅದನ್ನು ಹಾಕಿ ಮಾಡಿ ನೋಡಿದ್ದೇನೆ. ತಿನ್ನಬಹುದು, ಆದರೆ ನಮ್ಮ ವಿದ್ಯುತ್ ಒಲೆಯಲ್ಲಿ ಆ ಉರಿ ಎಲ್ಲಿಂದ ಬರಬೇಕು?

ಈಗ ದೂರುಗಳು. ಪಾರ್ಕಿಂಗ್ ಇಲ್ಲ ಅಂತಲೇ ತಿಳಿಯಿರಿ. ಇರುವ ಜಾಗ ಶುಕ್ರವಾರ ನಮಾಜಿನ ಹೊತ್ತಿಗೆ ತುಂಬಿದರೆ ರಾತ್ರಿಯವರೆಗೂ ಖಾಲಿಯಾಗುವುದಿಲ್ಲ. ಟಾಯ್ಲೆಟ್ ನೆಲಮಾಳಿಗೆಯಲ್ಲಿ, ಮೆಟ್ಟಿಲು ಕಡಿದು. ಮಂಡಿ ನೋವಿನವರನ್ನು ಕರೆದೊಯ್ಯುವಾಗ ನೆನಪಿರಲಿ. ಹಾಟ್ ಅಂಡ್ ಸೋರ್ ಸೂಪು ಗಂಜಿಯಷ್ಟು ದಪ್ಪ, ಕಾರ್ನ್ ಫ್ಲೋರ್ ಜಾಸ್ತಿ. ಮಂಚಾವ್ ತಗೊಳ್ಳಿ, ಅದು ಪರವಾಗಿಲ್ಲ. ವೆಜ್ ಸ್ಪ್ರಿಂಗ್ ರೋಲ್ ಫ್ರೀಜರಿನದು, ಕಚ್ಚಿದರೆ ಗೊತ್ತಾಗುತ್ತದೆ. ಚಿಲ್ಲಿ ಪನೀರ್ ರಬ್ಬರು. ಪನೀರನ್ನು ಕರಿಯಬೇಡಿ, ಸುಮ್ನೆ ಹಾಗೇ ಹಾಕಿ ಅಂತ ಹೇಳಿ ನೋಡಿದೆ, ಅಂಕಲ್ ಕೇಳುವವರಲ್ಲ. ಎಲ್ಲದರಲ್ಲೂ ಉಪ್ಪು ಒಂದು ಕೈ ಮುಂದೆ, ಬಿಪಿ ಇರುವವರು ಮೊದಲೇ ಹೇಳಿ.

ದುಡ್ಡಿನ ವಿಷಯ. ಗೋಬಿ, ನೂಡಲ್ಸ್ ಸೇರಿದ ಲಂಚ್ ಸ್ಪೆಷಲ್ 15 ಡಾಲರಿನ ಒಳಗೆ ಬರುತ್ತದೆ. ಮೇಲೆ 13% ತೆರಿಗೆ. ಕಾರ್ಡ್ ಮೆಷಿನ್ ಟಿಪ್ಸ್ ಕೇಳುವುದು 18%ನಿಂದ ಶುರು. ಕೌಂಟರಿನಲ್ಲಿ ಕಟ್ಟಿಸಿಕೊಂಡು ಹೋಗುವವರಿಗೂ ಅಷ್ಟೇ, ಅದು ನನಗೆ ಸರಿ ಕಾಣುವುದಿಲ್ಲ. ಒಂದು ಪ್ಲೇಟು ಮಾತ್ರ ಭಾರಿ. ಇಬ್ಬರು ತಿಂದು ಸ್ವಲ್ಪ ಮನೆಗೂ ತರಬಹುದು.

ಇನ್ನೊಂದು ಎಚ್ಚರಿಕೆ. ಹಕ್ಕಾ ಅಂತ ಬೋರ್ಡು ಇರುವುದೆಲ್ಲ ಹಕ್ಕಾದವರದ್ದಲ್ಲ. ಹಳಬರು ಒಬ್ಬೊಬ್ಬರೇ ಮಾರಿ ಹೋಗುತ್ತಿದ್ದಾರೆ, ಕೊಂಡವರು ಬೋರ್ಡು ಹಾಗೇ ಇಟ್ಟುಕೊಂಡಿದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಅಡುಗೆ ಯಾರಪ್ಪನ ಸೊತ್ತೂ ಅಲ್ಲ. ಆದರೆ ಕೆಲವು ಕಡೆ ಕೆಚಪ್ ಸುರಿದು ಕೊಡುತ್ತಾರೆ. ನಾನು ಮೊದಲು ನೋಡುವುದು ಟೇಬಲ್ಲಿನ ಮೇಲೆ. ಹಸಿಮೆಣಸಿನಕಾಯಿ ಹೆಚ್ಚಿ ವಿನೆಗರಿನಲ್ಲಿ ನೆನೆಸಿದ ಸಣ್ಣ ಬಟ್ಟಲು ಇದ್ದರೆ ಕೂರುತ್ತೇನೆ. ಇಲ್ಲಿ ಅದು ಇದೆ, ದಿನಾ ಹೊಸದು. ಅನ್ನದ ಮೇಲೆ ಎರಡು ಚಮಚ ಹಾಕಿಕೊಂಡರೆ ಊರಿನ ಉಪ್ಪಿನಕಾಯಿ ಬೇಡ ಅನ್ನಿಸುತ್ತದೆ.

ಈ ಹೋಟೆಲು ಎಷ್ಟು ದಿನ ಇರುತ್ತದೋ. ಅಂಕಲ್ ಮಗಳು ಡೌನ್‌ಟೌನಿನ ಬ್ಯಾಂಕಿನಲ್ಲಿದ್ದಾಳೆ. ಶನಿವಾರ ಬಂದು ತೆರಿಗೆ ಲೆಕ್ಕ ನೋಡಿ ಹೋಗುತ್ತಾಳೆ, ಬಾಣಲೆ ಮುಟ್ಟುವುದಿಲ್ಲ. ಒಲೆಯ ಮುಂದಿನ ತಮಿಳರಿಗೇ ಕೊಟ್ಟುಬಿಡುವ ಮಾತಿದೆಯಂತೆ. ಕೊಟ್ಟರೆ ಗೋಬಿಗೆ ಮೋಸವಿಲ್ಲ, ಈಗಲೂ ಮಾಡುತ್ತಿರುವುದು ಅವರೇ. ಕೌಂಟರಿಗೆ ಮಾತ್ರ ನಷ್ಟ.

ಹೋಗುವವರಿಗೆ ನನ್ನ ಲೆಕ್ಕ: ನಾಲ್ಕು ಜನರಿದ್ದರೆ ಒಂದು ಡ್ರೈ ಗೋಬಿ, ಒಂದು ಗ್ರೇವಿ ಗೋಬಿ, ಮೊಟ್ಟೆ ಇಲ್ಲದ ಹಕ್ಕಾ ನೂಡಲ್ಸ್, ಒಂದು ಬಿಳಿ ಅನ್ನ. ಮಾಂಸ ತಿನ್ನುವವರು ಚಿಲ್ಲಿ ಚಿಕನ್ ಡ್ರೈ, ಮೂಳೆ ಇರುವುದನ್ನೇ ಕೇಳಿ. ಮಂಗಳವಾರ ರಜೆ. ಶುಕ್ರವಾರ, ಶನಿವಾರ ಸಂಜೆ ಆದರೆ ಮೊದಲೇ ಫೋನ್ ಮಾಡಿ. ಅಂಕಲ್ ಎತ್ತಿದರೆ ಹಿಂದಿಯಲ್ಲೇ ಆರ್ಡರ್ ಕೊಡಿ. ಇಂಗ್ಲಿಷ್‌ನಲ್ಲಿ ಕೊಟ್ಟರೆ ಖಾರ ಕಡಿಮೆ ಹಾಕಿಸುತ್ತಾರೆ.